ಬಯಲುನಾಡಿನ ತೋಳ: ಒಂದು ವಿವೇಚನೆ

‘ತೋಳ ಬಂತು ತೋಳ’ ಎಂಬ ಕಥೆಯನ್ನು ಕೇಳದೆ ಕನ್ನಡ ಶಾಲೆಯ ಮೆಟ್ಟಿಲಿಳಿದ ವಿದ್ಯಾರ್ಥಿ ಇರಲಾರ. ಆ ಕಥೆಯಲ್ಲಿ ಸುಳ್ಳಾಡಿದ ಹುಡುಗನಿಗೆ ಶಾಸ್ತಿಯಾಗುತ್ತದೆ, ಕುರಿಗಳು ಸಾಯುತ್ತವೆ, ತೋಳವು ಬಂದಂತೆಯೇ ಹೊರಟುಹೋಗುತ್ತದೆ. ಅದು ಎಲ್ಲಿಂದ ಬಂತು, ಹಗಲೆಲ್ಲ ಎಲ್ಲಿ ಮಲಗಿರುತ್ತದೆ, ಅದಕ್ಕೂ ಮರಿಗಳುಂಟೆ ಎಂದು ಕಥೆ ವಿಚಾರಿಸುವುದಿಲ್ಲ; ನೀತಿ ಹೇಳಹೊರಟ ಕಥೆಗೆ ಅದರ ಅಗತ್ಯವೂ ಇಲ್ಲ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಣ್ಣಿನಲ್ಲಿ ಬೆಳೆದವರಿಗೆ ಈ ಪ್ರಶ್ನೆಗಳು ದೂರದವಲ್ಲ. ಕುಕನೂರು, ಮಂಗಳೂರುಗಳ ಎರೆಹೊಲದಿಂದ ಹಿಡಿದು ಕನಕಗಿರಿಯ ಕಲ್ಲುಮರಡಿಗಳವರೆಗೆ ಈ ಪ್ರಾಣಿಯ ಹೆಸರನ್ನು ಕುರಿಗಾರರು ಇಂದಿಗೂ ‘ತ್ವಾಳ’ ಎಂದು ನಿತ್ಯದ ಮಾತಿನಲ್ಲಿ ಆಡುತ್ತಾರೆ. (ಇಲ್ಲಿ ಹೇಳಿದ ಮಂಗಳೂರು ಹಳೆಯ ಯಲಬುರ್ಗಾ ಸೀಮೆಯ ಮಂಗಳೂರು, ಕಡಲತೀರದ ಪಟ್ಟಣವಲ್ಲ.)

ಹೆಸರಿನ ವಿಚಾರವನ್ನೇ ಮೊದಲು ನೋಡಬಹುದು. ಕನ್ನಡದ ‘ತೋಳ’ ಶಬ್ದ ಅಚ್ಚ ದ್ರಾವಿಡ ಮೂಲದ್ದು. ತೆಲುಗಿನ ‘ತೋಡೇಲು’ ಅದರ ಹತ್ತಿರದ ಬಂಧು. ಸಂಸ್ಕೃತದಲ್ಲಿ ಅಮರಸಿಂಹನು ಕೋಕ, ಈಹಾಮೃಗ, ವೃಕ ಎಂಬ ಮೂರು ಪರ್ಯಾಯಗಳನ್ನು ಕೊಡುತ್ತಾನೆ. ಇವುಗಳಲ್ಲಿ ಈಹಾಮೃಗವೆಂಬುದು ದಶರೂಪಕಗಳಲ್ಲಿ ಒಂದರ ಹೆಸರೂ ಆಗಿರುವುದು ಕಾವ್ಯಶಾಸ್ತ್ರ ಓದಿದವರಿಗೆ ಗೊತ್ತಿರುವ ಸಂಗತಿ. ವೃಕ ಶಬ್ದವಂತೂ ಭೀಮಸೇನನ ‘ವೃಕೋದರ’ ಎಂಬ ಬಿರುದಿನ ಮೂಲಕ ಮನೆಮಾತಾಗಿದೆ. ಹಸಿವಿಗೆ ಹೆಸರಾದ ವೀರನಿಗೆ ತೋಳದ ಹೊಟ್ಟೆಯನ್ನು ಆರೋಪಿಸಿದ ಜನ ಆ ಪ್ರಾಣಿಯನ್ನು ಹತ್ತಿರದಿಂದ ಬಲ್ಲವರೇ ಇರಬೇಕು.

ಋಗ್ವೇದದಲ್ಲಿ ತೋಳದ ಪ್ರಸ್ತಾಪ ಹಲವೆಡೆ ಬರುತ್ತದೆ. ಅಶ್ವಿನೀದೇವತೆಗಳು ತೋಳದ ಬಾಯಿಯಿಂದ ಲಾವಕ್ಕಿಯೊಂದನ್ನು ಬಿಡಿಸಿದರೆಂಬುದು ಒಂದು ಕಥೆ. ಅದಕ್ಕಿಂತ ಕುತೂಹಲಕರವಾದದ್ದು ಋಜ್ರಾಶ್ವನ ಕಥೆ. ಅವನು ಹಸಿದ ಹೆಣ್ಣುತೋಳವೊಂದಕ್ಕೆ ನೂರು ಕುರಿಗಳನ್ನು ಕಡಿದುಕೊಟ್ಟನು; ಅದರಿಂದ ಕೆರಳಿದ ತಂದೆ ಅವನನ್ನು ಕುರುಡನನ್ನಾಗಿಸಿದನು. ಆಗ ಕುರುಡನಾದ ಋಜ್ರಾಶ್ವನ ಪರವಾಗಿ ಅಶ್ವಿನೀದೇವತೆಗಳನ್ನು ಕೂಗಿ ಕರೆದದ್ದು ಆ ಹೆಣ್ಣುತೋಳವೇ. ದೇವತೆಗಳು ಬಂದು ಅವನಿಗೆ ದೃಷ್ಟಿಯನ್ನು ಮರಳಿಸಿದರು. ತೋಳದ ಮೇಲಿನ ದಯೆ, ಕುರಿ ಕಳೆದುಕೊಂಡ ತಂದೆಯ ಸಿಟ್ಟು, ಇವೆರಡರ ನಡುವಿನ ಸಂಕಟ ಇಷ್ಟು ಹಳೆಯ ಕಾಲದಲ್ಲೇ ದಾಖಲಾಗಿದೆ. ತಂದೆಯ ಕ್ರೌರ್ಯವನ್ನು ಯಾರೂ ಒಪ್ಪಲಾರರು. ಆದರೆ ಅವನ ನಷ್ಟ ಸುಳ್ಳಲ್ಲ. ಇಂದು ತೋಳದ ಸಂರಕ್ಷಣೆಯ ಮಾತನ್ನಾಡುವವರು ನೆನಪಿನಲ್ಲಿಡಬೇಕಾದದ್ದು ಇದನ್ನೇ: ದೇವತೆಗಳು ಮಗನಿಗೆ ಕಣ್ಣು ಕೊಟ್ಟರು, ತಂದೆಗೆ ಕುರಿ ಕೊಟ್ಟರೆಂದು ಕಥೆಯಲ್ಲಿ ಎಲ್ಲಿಯೂ ಇಲ್ಲ.

ಇರಲಿ, ಪ್ರಕೃತಕ್ಕೆ ಬರಬಹುದು. ನಮ್ಮ ದೇಶದ ಬಯಲುಸೀಮೆಯ ತೋಳವು ಯುರೋಪು, ಅಮೆರಿಕಗಳ ಹಿಮದ ತೋಳಕ್ಕಿಂತ ಗಾತ್ರದಲ್ಲಿ ಚಿಕ್ಕದು. ಸಾಮಾನ್ಯವಾಗಿ 18ರಿಂದ 25 ಕಿಲೋ ತೂಗುತ್ತದೆ. ಕಾಲು ನೀಳ, ಮೈ ತೆಳು, ತುಪ್ಪಟ ಕಡಿಮೆ, ಬಣ್ಣ ಒಣಹುಲ್ಲಿನೊಡನೆ ಬೆರೆತುಹೋಗುವ ಬೂದುಗಂದು. ಹಳ್ಳಿಯವರು ಇದನ್ನು ಗುರುತಿಸುವಲ್ಲಿ ಎಡವುವುದಿಲ್ಲ. ಪಟ್ಟಣದವರೇ ನರಿಯನ್ನೂ ಗುಳ್ಳೆನರಿಯನ್ನೂ ಸೀಳುನಾಯಿಯನ್ನೂ ಕತ್ತೆಕಿರುಬವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ‘ತೋಳ’ ಎಂದು ಕರೆದುಬಿಡುವುದುಂಟು. ಇದು ಮಾಂಸಾಹಾರಿಯಾದರೂ ದಟ್ಟ ಅಡವಿಯ ಪ್ರಾಣಿಯಲ್ಲ. ಹುಲ್ಲುಗಾವಲು, ಕುರುಚಲು, ಕಲ್ಲುಗುಡ್ಡ, ಬೀಳುಹೊಲ, ಹಳ್ಳದ ದಂಡೆ ಇವೇ ಇದರ ಮನೆ. ಎರಡರಿಂದ ಏಳೆಂಟರವರೆಗೆ ಸದಸ್ಯರಿರುವ ಸಣ್ಣ ಕುಟುಂಬವಾಗಿ ಬಾಳುತ್ತದೆ. ಕುಟುಂಬದಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿಮಾಡುತ್ತದೆ; ಉಳಿದವು ಆ ಮರಿಗಳನ್ನು ಸಾಕುವುದರಲ್ಲಿ ನೆರವಾಗುತ್ತವೆ. ಗರ್ಭಧಾರಣೆಯ ಅವಧಿ ಎರಡು ತಿಂಗಳ ಆಸುಪಾಸು. ಮರಿಗಳು ಬಹುಮಟ್ಟಿಗೆ ಚಳಿಗಾಲದಲ್ಲಿ, ಗುಡ್ಡದ ಬಂಡೆಗಳ ಸಂದಿಯಲ್ಲೋ ತೋಡಿದ ಬಿಲದಲ್ಲೋ ಹುಟ್ಟುತ್ತವೆ. ಎರಡು ವಾರಕ್ಕೆ ಕಣ್ಣು ಬಿಡುತ್ತವೆ. ಬೇಟೆಗೆ ಹೋದ ಹಿರಿಯರು ತಿಂದುಬಂದ ಮಾಂಸವನ್ನು ಬಿಲದ ಬಾಯಲ್ಲಿ ಕಕ್ಕಿ ಮರಿಗಳಿಗೆ ಉಣಿಸುತ್ತಾರೆ.

ಈ ತೋಳದ ವಂಶ ಎಷ್ಟು ಹಳೆಯದೆಂಬುದು ಇತ್ತೀಚಿನ ವರ್ಷಗಳಲ್ಲಷ್ಟೇ ಸ್ಪಷ್ಟವಾಗುತ್ತ ಬಂದಿದೆ. 2003ರ ಸುಮಾರಿನಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ಸಂಶೋಧಕರೇ ಮೊದಲಾದವರು ಭಾರತದ ತೋಳಗಳ ವಂಶವಾಹಿಯನ್ನು ಪರೀಕ್ಷಿಸಿ, ಇವು ಜಗತ್ತಿನ ಇತರ ತೋಳಗಳಿಂದ ಬಹು ಹಿಂದೆಯೇ ಕವಲೊಡೆದವೆಂದು ಸೂಚಿಸಿದರು. 2021ರಲ್ಲಿ ಪ್ರಕಟವಾದ ಇನ್ನೂ ವಿಸ್ತಾರವಾದ ಅಧ್ಯಯನವೂ ಇದನ್ನೇ ಸಮರ್ಥಿಸಿತು. ಹೀಗಾಗಿ ಜಗತ್ತಿನಲ್ಲಿ ಒಟ್ಟಾರೆ ತೋಳಗಳಿಗೆ ಬರಗಾಲವಿಲ್ಲದಿದ್ದರೂ ಈ ಕವಲು ಇಲ್ಲಿ ಅಳಿದರೆ ಬೇರೆಲ್ಲಿಂದಲೂ ತಂದು ತುಂಬುವಂತಿಲ್ಲ.

ಹಾಗಾದರೆ ಉಳಿದಿರುವುದೆಷ್ಟು? 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಭಾರತೀಯ ತೋಳವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಪರಿಗಣಿಸಿ, ತನ್ನ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಗುರಿಯಾದ’ ಜೀವಿಗಳ ವರ್ಗಕ್ಕೆ ಸೇರಿಸಿತು. ಅದರ ಅಂದಾಜಿನ ಪ್ರಕಾರ ಮರಿಮಾಡುವ ವಯಸ್ಸಿನ ತೋಳಗಳು 2,877ರಿಂದ 3,310. ಅವುಗಳಲ್ಲಿ ಬೆರಳೆಣಿಕೆಯ ಕೆಲವನ್ನು ಬಿಟ್ಟರೆ ಎಲ್ಲವೂ ಭಾರತದಲ್ಲಿವೆ. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಕೊಟ್ಟ ಅಂದಾಜೂ ಮೂರು ಸಾವಿರದ ಮೇಲೆ ಸ್ವಲ್ಪವೇ ಇತ್ತು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನಿಟ್ಟು ನೋಡಬೇಕು. 2022ರ ಗಣತಿಯಂತೆ ದೇಶದ ಹುಲಿಗಳ ಸರಾಸರಿ ಅಂದಾಜು 3,682, ಕರ್ನಾಟಕವೊಂದರಲ್ಲೇ 563. ಹುಲಿ ವಿರಳವೆಂದು ಬಾಲಕರೂ ಬಲ್ಲರು. ಅದಕ್ಕೆ 1973ರಿಂದ ರಾಷ್ಟ್ರೀಯ ಯೋಜನೆಯಿದೆ, ಹಣವಿದೆ, ಕಾವಲಿದೆ. ಹಳ್ಳಿಯ ಅಂಚಿನಲ್ಲಿ ಓಡಾಡುವ ತೋಳ ಹುಲಿಗಿಂತ ವಿರಳವಾಗಿರಬಹುದೆಂಬುದು ಬಹುಮಂದಿಗೆ ತಿಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಎರಡಕ್ಕೂ ಸಮಾನ ಸ್ಥಾನ. ಕಾಗದದ ಈ ಸಮಾನತೆ ನೆಲದ ಮೇಲೆ ಕಾಣುವುದಿಲ್ಲ.

ಸಂಖ್ಯೆ ಕುಸಿದದ್ದು ಒಮ್ಮೆಲೇ ಅಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ತೋಳವನ್ನು ಕೊಂದು ತಂದವನಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಹೀಗೆ ಎರಡು ಲಕ್ಷದಷ್ಟು ತೋಳಗಳು ಹತವಾದವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಇನಾಮಿನ ಕಾಲ ಮುಗಿದ ಮೇಲೆ ನೆಲದ ಕಾಲ ಬಂತು. ಕೊಪ್ಪಳ ಸೀಮೆಯಲ್ಲಿ ಈ ಬದಲಾವಣೆಯನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಇದ್ದಾರೆ. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿದ ಬಳಿಕ ಗಂಗಾವತಿಯ ಬಯಲು ಬತ್ತದ ಗದ್ದೆಯಾಯಿತು. ಆ ನೀರಿನಿಂದ ಸಾವಿರಾರು ಮನೆಗಳು ಉಂಡುಟ್ಟು ಬಾಳಿದವು. ಅದನ್ನು ಯಾರೂ ಹಳಿಯಲಾಗದು. ಆದರೆ ಕೆಸರುಗದ್ದೆಯಲ್ಲಿ ತೋಳ ಬಾಳಲಾರದು. ಅದು ನೀರಾವರಿಯಿಲ್ಲದ ಮಸಾರಿ ನೆಲದ ಕಡೆಗೆ, ಕಲ್ಲುಗುಡ್ಡಗಳ ಕಡೆಗೆ, ಊರೂರಿನ ಗಾಯರಾಣಗಳ ಕಡೆಗೆ ಸರಿಯಿತು. ಈಗ ಆ ನೆಲಕ್ಕೂ ಹೊಸ ಹಕ್ಕುದಾರರು ಬಂದಿದ್ದಾರೆ: ಗಾಳಿಯಂತ್ರ, ಸೌರಫಲಕ, ಗ್ರಾನೈಟ್ ಕಲ್ಲುಗಣಿ, ನಿವೇಶನ. ಕುಷ್ಟಗಿಯ ಮೂಲಕ ಹಾದುಹೋಗುವ ಹೊಸಪೇಟೆ-ವಿಜಯಪುರ ಹೆದ್ದಾರಿ ಅಗಲವಾಗಿದೆ. ರಾತ್ರಿ ಅದನ್ನು ದಾಟುವ ಪ್ರಾಣಿಯ ಪಾಡು ಹೇಳತೀರದು.

ಇಲ್ಲಿ ಶಬ್ದವೊಂದರ ವಿಚಾರ ಮತ್ತೆ ಬರುತ್ತದೆ. ಕಂದಾಯದ ಕಡತಗಳಲ್ಲಿ ಹುಲ್ಲುನೆಲಕ್ಕೆ ಇರುವ ಹೆಸರು ‘ಖರಾಬು’, ‘ಬಂಜರು’, ‘ಪಡಾ’. ಒಮ್ಮೆ ಖರಾಬೆಂದು ಬರೆದ ಮೇಲೆ ಅದನ್ನು ಏನು ಮಾಡಿದರೂ ಸುಧಾರಣೆಯೇ ಎನಿಸಿಕೊಳ್ಳುತ್ತದೆ. ಅರಣ್ಯದ ಹೆಸರಿನಲ್ಲೂ ಇದೇ ನಡೆದದ್ದುಂಟು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿ ಅಭಯಾರಣ್ಯವಾಯಿತು. ಆದರೆ ಆ ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿ ಮರದ ತೋಪುಗಳೇ ತುಂಬಿಕೊಂಡವು. ಎರೆಭೂತ ಹಕ್ಕಿಯಂಥ ಬಯಲುಜೀವಿಗೆ ಅಲ್ಲಿ ನೆಲೆ ತಪ್ಪಿತು. ಮರ ನೆಡುವುದೆಲ್ಲ ಪುಣ್ಯವೆಂಬ ನಂಬಿಕೆ ಶಾಲೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಬಯಲಿಗೆ ಬಯಲಾಗಿಯೇ ಇರುವ ಹಕ್ಕುಂಟು ಎಂಬ ಪಾಠ ಇನ್ನೂ ಪುಸ್ತಕಗಳಿಗೆ ಸೇರಬೇಕಾಗಿದೆ.

ತೋಳಕ್ಕಾಗಿಯೇ ನೆಲವನ್ನು ಮೀಸಲಿಟ್ಟದ್ದು ಕರ್ನಾಟಕದಲ್ಲಿ ಹೊಸತಲ್ಲ. 1974ರಲ್ಲಿ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಸುಮಾರು 50 ಚದರ ಕಿಲೋಮೀಟರಿನ ವನ್ಯಧಾಮ ರಚನೆಯಾದಾಗ ತೋಳದ ರಕ್ಷಣೆಯೇ ಮುಖ್ಯ ಉದ್ದೇಶವಾಗಿತ್ತು. ಅಂದಿನ ಬಿಹಾರಕ್ಕೆ, ಇಂದಿನ ಝಾರ್ಖಂಡಕ್ಕೆ ಸೇರಿದ ಮಹುವಾಡಾಂಡ್‌ನಲ್ಲಿ 1976ರಲ್ಲಿ ಇನ್ನೊಂದಾಯಿತು. ಆ ಬಳಿಕ ಬಹುಕಾಲ ಈ ವಿಚಾರವನ್ನು ಕೇಳಿದವರಿಲ್ಲ. ಪ್ರಸಕ್ತ ದಶಕದಲ್ಲಿ ಕೊಪ್ಪಳ ಜಿಲ್ಲೆಯ ಬಂಕಾಪುರದ ಕುರುಚಲುಗುಡ್ಡಗಳನ್ನು ರಾಜ್ಯ ಸರ್ಕಾರ ತೋಳಧಾಮವೆಂದು ಘೋಷಿಸಿತು. ಇದು ಗಂಗಾವತಿ-ಕನಕಗಿರಿ ಸೀಮೆಯ ಬಂಕಾಪುರ. ಹಾವೇರಿ ಜಿಲ್ಲೆಯ ಬಂಕಾಪುರವಲ್ಲ. ರಾಷ್ಟ್ರಕೂಟ ದಂಡನಾಯಕ ಬಂಕೇಶನ ಹೆಸರು ಹೊತ್ತ ಆ ಊರಿನ ಕೋಟೆಯಲ್ಲಿ ನವಿಲುಧಾಮವಿದೆ, ಇದರಲ್ಲಿ ತೋಳಧಾಮ. ಹೆಸರಿನ ಗೊಂದಲದಿಂದ ಎರಡನ್ನೂ ಒಂದೆಂದು ಬರೆಯುವವರು ಈಗಲೇ ಹುಟ್ಟಿಕೊಂಡಿದ್ದಾರೆ. ಧಾಮದ ವಿಸ್ತೀರ್ಣ 332 ಹೆಕ್ಟೇರು, ಅಂದರೆ 820 ಎಕರೆಯಷ್ಟು. ಸಹಜ ಗುಹೆಗಳುಳ್ಳ ಕಲ್ಲುಗುಡ್ಡ, ಒಣಹುಲ್ಲು, ಮುಳ್ಳುಪೊದೆ ಇದರ ಸ್ವರೂಪ. 2025ರ ಆರಂಭದಲ್ಲಿ ಇಲ್ಲಿ ಹೆಣ್ಣುತೋಳವೊಂದು 8 ಮರಿಗಳನ್ನು ಹಾಕಿದ ಸುದ್ದಿ ನಾಡಿನಾದ್ಯಂತ ಪ್ರಕಟವಾಯಿತು. ಕವಿರಾಜಮಾರ್ಗಕಾರನು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸಿದ ಕೊಪಣ ನಗರದ ಸೀಮೆಗೆ ಇದೂ ಒಂದು ಹಿರಿಮೆಯೇ.

ಹಿರಿಮೆಯ ಜೊತೆಗೆ ಒಂದು ಲೆಕ್ಕವನ್ನೂ ಮಾಡಬೇಕು. 332 ಹೆಕ್ಟೇರೆಂದರೆ ಮೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ತೋಳದ ಒಂದು ಕುಟುಂಬ ಆಹಾರಕ್ಕಾಗಿ ಸುತ್ತುವ ನೆಲ 150 ಚದರ ಕಿಲೋಮೀಟರು, ಹಲವೊಮ್ಮೆ ಅದಕ್ಕೂ ಹೆಚ್ಚು. ಎಂದರೆ ಒಂದೇ ಕುಟುಂಬಕ್ಕೆ ಬೇಕಾದ ನೆಲದ ನಲವತ್ತನೆಯ ಒಂದು ಪಾಲೂ ಧಾಮದೊಳಗಿಲ್ಲ. ಇದರಿಂದ ಧಾಮ ವ್ಯರ್ಥವೆಂದು ತಿಳಿಯಬಾರದು. ಅದು ತೊಟ್ಟಿಲು; ಮರಿಯಿಡುವ ಕಾಲದಲ್ಲಿ ಬಿಲಕ್ಕೆ ಹೊಗೆ ಹಾಕುವವರಿಂದ, ಬಿಲದ ಬಾಯಿಗೆ ಕಲ್ಲುಮುಚ್ಚುವವರಿಂದ ತಾಯಿಮರಿಗಳನ್ನು ಕಾಯುವುದು ದೊಡ್ಡ ಕೆಲಸ. ಆದರೆ ಬಾಳುವೆಯೆಲ್ಲ ತೊಟ್ಟಿಲಲ್ಲೇ ಕಳೆಯುವುದಿಲ್ಲ. ದೇಶದಲ್ಲಿ ತೋಳಗಳು ಸಂಚರಿಸುವ ನೆಲದಲ್ಲಿ ಸಂರಕ್ಷಿತ ಪ್ರದೇಶಗಳಿಗೆ ಸೇರಿದ್ದು ಎಂಟರಲ್ಲೊಂದು ಪಾಲು ಮಾತ್ರ. ಉಳಿದ ಏಳು ಪಾಲಿನಲ್ಲಿ ಅರಣ್ಯ ಇಲಾಖೆಯ ಕೈ ನೀಳವಾಗಿ ಚಾಚಲಾರದು. ಅಲ್ಲಿ ತೋಳದ ಅಳಿವು-ಉಳಿವು ಕುರಿಗಾರ, ಒಕ್ಕಲಿಗ ಮತ್ತು ಗ್ರಾಮ ಪಂಚಾಯಿತಿಯ ಕೈಯಲ್ಲಿದೆ.

ಒಕ್ಕಲಿಗನ ಮಟ್ಟಿಗೆ ತೋಳ ಶತ್ರುವೇನಲ್ಲ. ಯಲಬುರ್ಗಾ, ಕುಕನೂರು, ಕುಷ್ಟಗಿಗಳ ಎರೆಹೊಲದಲ್ಲಿ ಹೆಸರು, ಕಡಲೆ ಮೊಳೆತು ಎರಡೆಲೆ ಬಿಡುವಷ್ಟರಲ್ಲಿ ಚಿಗರಿಯ ಹಿಂಡು ಬಂದು ಮೇಯುವುದು ಪ್ರತಿವರ್ಷದ ಗೋಳು. ರಾತ್ರಿಯಿಡೀ ಹೊಲದಲ್ಲಿ ಕಾವಲು ಕೂರುವ ರೈತರು ಚಿಗರಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ಅರ್ಜಿ ಸಲ್ಲಿಸುತ್ತಲೇ ಬಂದಿದ್ದಾರೆ. ಆ ಚಿಗರಿಗೆ ಪ್ರಕೃತಿ ನೇಮಿಸಿದ ಬೇಟೆಗಾರ ತೋಳವೇ. ಗುಜರಾತಿನ ವೇಳಾವದರದ ಹುಲ್ಲುಬಯಲಿನಲ್ಲಿ ನಡೆದ ದೀರ್ಘ ಅಧ್ಯಯನಗಳು ತೋಳದ ಮುಖ್ಯ ಆಹಾರ ಕೃಷ್ಣಮೃಗವೆಂಬುದನ್ನು ತೋರಿಸಿವೆ. ಮೊಲ, ಇಲಿ, ಹೆಗ್ಗಣಗಳೂ ಅದಕ್ಕೆ ಆಹಾರವೇ. ತೋಳವೊಂದರಿಂದಲೇ ಚಿಗರಿಯ ಕಾಟ ತೀರುವುದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ತೋಳವನ್ನು ಕೊಂದು ಚಿಗರಿಯ ಕಾಟಕ್ಕೆ ಅರ್ಜಿ ಬರೆಯುವುದರಲ್ಲಿ ಅರ್ಥವಿಲ್ಲ.

ಕುರಿಗಾರನ ಕಷ್ಟವೇ ಬೇರೆ. ಚಿಗರಿ ವಿರಳವಾದಲ್ಲಿ ತೋಳಕ್ಕೆ ಕುರಿ, ಆಡುಗಳೇ ಗತಿ. ದಖ್ಖಣದ ಕುರಿಗಾರರು ತಲೆತಲಾಂತರದಿಂದ ತೋಳದೊಡನೆ ಹೆಣಗಿ ಬಾಳಿದವರು. ಹಿಂಡಿನಲ್ಲಿ ಅದಕ್ಕೂ ಒಂದು ಪಾಲು ಸಲ್ಲುತ್ತದೆಂಬ ಉದಾರಭಾವ ಅವರಲ್ಲಿ ಕೆಲವರಿಗೆ ಇಂದಿಗೂ ಇದೆ. ಹೊಲದಲ್ಲಿ ಕುರಿ ತರುಬಿದ ರಾತ್ರಿ ಮರಿಗಳನ್ನು ಬಲೆಯೊಳಗೆ ಕೂಡುವುದು, ನಾಯಿ ಕಟ್ಟುವುದು, ಸರದಿಯಂತೆ ಎಚ್ಚರವಿರುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಆದರೆ ಉದಾರತೆಗೂ ಒಂದು ಎಲ್ಲೆಯುಂಟು. ಗಾಯರಾಣ ಕುಗ್ಗಿದಷ್ಟೂ ಕುರಿಯೂ ತೋಳವೂ ಒಂದೇ ತುಣುಕು ನೆಲಕ್ಕೆ ಬಂದು ಸೇರುತ್ತವೆ, ನಷ್ಟ ಹೆಚ್ಚುತ್ತದೆ. ಸರ್ಕಾರದ ಪರಿಹಾರ ಇದೆಯೆಂಬುದು ನಿಜ. ಅದು ದೊರೆಯಬೇಕಾದರೆ ಸತ್ತ ಪ್ರಾಣಿಯ ದೇಹ, ಪಶುವೈದ್ಯರ ಪ್ರಮಾಣಪತ್ರ, ಪಂಚನಾಮೆ, ಬ್ಯಾಂಕಿನ ಖಾತೆ ಎಲ್ಲವೂ ಬೇಕು. ಊರೂರು ಅಲೆಯುವ ಕುರಿಗಾರ ಮರುದಿನ ಇನ್ನೊಂದು ಊರಿನಲ್ಲಿರುತ್ತಾನೆ. ತೋಳ ಹೊತ್ತೊಯ್ದ ಮರಿಯ ದೇಹವನ್ನು ಅವನು ಎಲ್ಲಿಂದ ತಂದಾನು? ಈ ತೊಡಕನ್ನು ಬಿಡಿಸದೆ ಕುರಿಗಾರನಿಗೆ ಜೀವದಯೆಯ ಉಪನ್ಯಾಸ ಕೊಡುವುದು ಅನ್ಯಾಯ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ಹುಟ್ಟಿದ್ದು ಕ್ರೌರ್ಯದಿಂದಲ್ಲ, ಇಂಥ ನಷ್ಟದ ನೆನಪಿನಿಂದ.

ಮನುಷ್ಯರ ಮೇಲಿನ ದಾಳಿಯ ಭಯವೂ ಒಂದಿದೆ. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳಲ್ಲಿ, 2024ರಲ್ಲಿ ಅದೇ ರಾಜ್ಯದ ಬಹರಾಯಿಚ್‌ನಲ್ಲಿ ಮಕ್ಕಳು ತೋಳಗಳಿಗೆ ಬಲಿಯಾದ ವರದಿಗಳು ದೇಶವನ್ನೇ ತಲ್ಲಣಗೊಳಿಸಿದವು. ಅವನ್ನು ಹಗುರಾಗಿ ಕಾಣಲಾಗದು. ಆದರೆ ಅಂಥ ಘಟನೆಗಳು ಅಪರೂಪ. ಸಾಮಾನ್ಯವಾಗಿ ತೋಳ ಮನುಷ್ಯನ ನೆರಳು ಕಂಡೊಡನೆ ಸರಿದುಹೋಗುತ್ತದೆ. ಹುಚ್ಚುರೋಗ ತಗುಲಿದ ತೋಳದ ಸಂಗತಿ ಬೇರೆ. ಅದು ಕಚ್ಚಿದರೆ ಗಾಯವನ್ನು ಕೂಡಲೇ ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು.

ಈಚೆಗೆ ತೋಳಕ್ಕೆ ಒದಗಿರುವ ಇನ್ನೊಂದು ಅಪಾಯ ಊರನಾಯಿ. ಕಸದ ತಿಪ್ಪೆ ಬೆಳೆದಂತೆ ನಾಯಿಗಳ ಗುಂಪು ಬೆಳೆಯುತ್ತದೆ. ಅವು ಹುಚ್ಚುರೋಗ, ಡಿಸ್ಟೆಂಪರ್ ಮುಂತಾದ ಸೋಂಕುಗಳನ್ನು ತೋಳಗಳಿಗೆ ದಾಟಿಸುತ್ತವೆ. ಅದಕ್ಕಿಂತ ಸೂಕ್ಷ್ಮವಾದದ್ದು ಸಾಂಕರ್ಯ. ಜೊತೆಗಾರ ಸಿಗದ ಒಂಟಿ ತೋಳ ನಾಯಿಯೊಡನೆ ಕೂಡುವುದುಂಟು. ಪುಣೆಯ ಸಮೀಪದ ಹುಲ್ಲುಗಾವಲಿನಲ್ಲಿ ಕಂಡ ವಿಚಿತ್ರ ಬಣ್ಣದ ಪ್ರಾಣಿಗಳು ತೋಳ-ನಾಯಿಗಳ ಬೆರಕೆಯೆಂಬುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಸಿದ್ಧವಾಯಿತು. ಸಹಸ್ರಾರು ವರ್ಷ ಬೇರೆಯಾಗಿ ಉಳಿದುಬಂದ ಕವಲು ಕೆಲವೇ ತಲೆಮಾರುಗಳಲ್ಲಿ ಊರನಾಯಿಯೊಡನೆ ಕಲಸಿಹೋಗಬಹುದು. ಬಂಕಾಪುರದ ಸುತ್ತಲಿನ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕಿಸುವುದು, ಸಂತಾನಹರಣ ಮಾಡಿಸುವುದು, ಸತ್ತ ದನಕರುಗಳನ್ನು ಬಯಲಿಗೆಸೆಯದಿರುವುದು ತೋಳಧಾಮದ ಬೇಲಿಗಿಂತ ಹೆಚ್ಚು ಫಲ ಕೊಟ್ಟೀತು. ಇದಕ್ಕೆ ದೊಡ್ಡ ಹಣ ಬೇಡ. ಪಂಚಾಯಿತಿ ಮತ್ತು ಪಶುವೈದ್ಯ ಇಲಾಖೆ ಕೂಡಿ ನಿಂತರೆ ಸಾಕು.

ಮಠದ ಶಾಲೆಗಳಲ್ಲಿ ಓದಿದ ಈ ಭಾಗದ ಎಷ್ಟೋ ಮಂದಿ ಇಂದು ಪಂಚಾಯಿತಿಗಳ ಸದಸ್ಯರಾಗಿ, ಗ್ರಾಮ ಆಡಳಿತಾಧಿಕಾರಿಗಳಾಗಿ, ಪಶುವೈದ್ಯರಾಗಿ, ಶಿಕ್ಷಕರಾಗಿ ಹಳ್ಳಿಗಳಲ್ಲೇ ಇದ್ದಾರೆ. ಗಾಯರಾಣವನ್ನು ಬೇರೊಂದು ಉದ್ದೇಶಕ್ಕೆ ಬಿಟ್ಟುಕೊಡುವ ಠರಾವು ಬರುವುದು ಇವರ ಮುಂದೆಯೇ. ಕುರಿಗಾರನ ಪಂಚನಾಮೆಗೆ ಸಹಿ ಬೀಳುವುದೂ ಇವರದೇ. ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಈ ನೆಲದಲ್ಲಿ ಯಾರ ಕುರಿ ಮೇಯುತ್ತದೆ, ಯಾವ ಪ್ರಾಣಿ ಮರಿಹಾಕುತ್ತದೆ?

ಹುಟ್ಟಿದ ಮರಿಗಳೆಲ್ಲ ಬದುಕುವುದಿಲ್ಲ. ಬದುಕಿದವು ಆರು ತಿಂಗಳಿನ ಹೊತ್ತಿಗೆ ಹಿರಿಯರೊಡನೆ ಬೇಟೆಗೆ ಹೊರಡುತ್ತವೆ. ಒಂದೆರಡು ವರ್ಷಕ್ಕೆ ಹಲವು ಮರಿಗಳು ಹುಟ್ಟಿದ ಕುಟುಂಬವನ್ನು ತೊರೆದು ಜೊತೆಯನ್ನೂ ನೆಲೆಯನ್ನೂ ಅರಸಿ ಒಂಟಿಯಾಗಿ ನಡೆಯುತ್ತವೆ. ಬಂಕಾಪುರದಲ್ಲಿ 2025ರಲ್ಲಿ ಹುಟ್ಟಿದ ಮರಿಗಳಲ್ಲಿ ಉಳಿದವುಗಳಿಗೂ ಆ ವಯಸ್ಸು ಬಂದೇ ಬರುತ್ತದೆ. ಧಾಮದ ಎಲ್ಲೆಯನ್ನು ಅವು ಒಂದೇ ರಾತ್ರಿಯಲ್ಲಿ ದಾಟಬಲ್ಲವು. ದಕ್ಷಿಣಕ್ಕೆ ತಿರುಗಿದರೆ ಬತ್ತದ ಗದ್ದೆ, ಪಶ್ಚಿಮಕ್ಕೆ ಹೆದ್ದಾರಿ. ಅದರಾಚೆ ಕುಷ್ಟಗಿ, ಯಲಬುರ್ಗಾಗಳ ಹೊಲ, ಹಳ್ಳ, ಮರಡಿ, ಅಲ್ಲಲ್ಲಿ ಉಳಿದಿರುವ ಊರೊಟ್ಟಿನ ಗಾಯರಾಣ.